ಕಾಂಡೋಮ್ ಬಳಸುವ ಕ್ರಮ: ಪೊಟ್ಟಣ ತರುವುದರಿಂದ ಕಸದ ಬುಟ್ಟಿಯವರೆಗೆ

ತಿಪಟೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕನಾಗಿದ್ದಾಗ, ಹತ್ತು ತಿಂಗಳ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಒಬ್ಬ ಹೆಣ್ಣುಮಗಳು ಗಂಡನೊಂದಿಗೆ ಬಂದು, ಹೆರಿಗೆಯ ನಂತರ ಶುರುವಾಗಿದ್ದ ಮುಟ್ಟು ಮತ್ತೆ ನಿಂತುಹೋಗಿದೆ ಎಂದರು. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. "ಒಂದು ದಿನಾನೂ ತಪ್ಪಿಸಿಲ್ಲ ಸಾರ್, ನೀವು ಕೊಟ್ಟಿದ್ದನ್ನೇ ಹಾಕ್ಕೊಂಡಿದ್ದೀನಿ" ಎಂದು ಗಂಡ ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಪೊಟ್ಟಣದ ಅವಧಿ ಮುಗಿದಿರಲಿಲ್ಲ, ಇಟ್ಟಿದ್ದ ಜಾಗವೂ ತಂಪಾಗಿತ್ತು. ಕಾಂಡೋಮ್ ಹರಿದದ್ದು ನೆನಪಿದೆಯೇ ಎಂದು ಕೇಳಿದಾಗ, ಎರಡು ಸಲ ಹರಿದಿತ್ತೆಂದು ಆಕೆ ತಲೆ ತಗ್ಗಿಸಿ ಹೇಳಿದರು. ಮತ್ತಷ್ಟು ಹೊತ್ತು ಮಾತನಾಡಿದ ಮೇಲೆ ನಿಜವಾದ ಕಾರಣ ಹೊರಬಂತು. ಹಾಲುಣಿಸುವ ತಾಯಂದಿರಲ್ಲಿ ಯೋನಿ ಒಣಗಿದಂತಾಗಿ ಉರಿಯುವುದು ಸಾಮಾನ್ಯ; ಆ ಉರಿ ತಡೆಯಲೆಂದು ಅವರು ಮಗುವಿನ ಮೈಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಕಾಂಡೋಮ್ ಮೇಲೆ ಸವರಿಕೊಂಡಿದ್ದರು.

ಆ ದಂಪತಿಗೆ ಕಾಂಡೋಮ್ ಕೊಟ್ಟವನು ನಾನೇ. ಎಣ್ಣೆ ಹಚ್ಚಬಾರದೆಂದು ಹೇಳದೆ ಇದ್ದವನೂ ನಾನೇ. ಅಂದಿನಿಂದ ಯಾರಿಗೆ ಪೊಟ್ಟಣ ಕೊಟ್ಟರೂ, ತರುವುದರಿಂದ ಹಿಡಿದು ಬಿಸಾಡುವವರೆಗಿನ ಎಲ್ಲವನ್ನೂ ಕ್ರಮವಾಗಿ ಹೇಳಿಯೇ ಕಳುಹಿಸುವುದನ್ನು ರೂಢಿ ಮಾಡಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಂಡೋಮನ್ನು ಪ್ರತಿ ಸಲವೂ ಸರಿಯಾದ ಕ್ರಮದಲ್ಲಿ ಬಳಸಿದರೆ, ಒಂದು ವರ್ಷದಲ್ಲಿ ನೂರು ದಂಪತಿಗಳ ಪೈಕಿ ಸುಮಾರು 2 ಮಂದಿಗೆ ಮಾತ್ರ ಗರ್ಭ ನಿಲ್ಲುತ್ತದೆ. ಜನ ವಾಸ್ತವವಾಗಿ ಬಳಸುವ ರೀತಿಯಲ್ಲಿ, ಅಂದರೆ ಒಮ್ಮೆ ಮರೆತು, ಒಮ್ಮೆ ತಡವಾಗಿ ಹಾಕಿಕೊಂಡು, ಒಮ್ಮೆ ತಪ್ಪಾಗಿ ಹಾಕಿಕೊಂಡು ಬಳಸಿದರೆ, ಈ ಸಂಖ್ಯೆ ಸುಮಾರು 13ಕ್ಕೆ ಏರುತ್ತದೆ. 2ಕ್ಕೂ 13ಕ್ಕೂ ನಡುವಿನ ಅಂತರದಲ್ಲಿ ಕಾರ್ಖಾನೆಯ ತಪ್ಪು ಬಹಳ ಕಡಿಮೆ. ಕಾಂಡೋಮ್‌ನ ಗುಣಮಟ್ಟಕ್ಕಿರುವ ಅಂತರರಾಷ್ಟ್ರೀಯ ಮಾನದಂಡದಂತೆ ಒಮ್ಮೆಗೆ ತಯಾರಾದ ಪ್ರತಿ ತಂಡದಿಂದ (ಬ್ಯಾಚ್‌ನಿಂದ) ಆರಿಸಿದ ಮಾದರಿಗಳಿಗೆ 300 ಮಿಲಿಲೀಟರ್ ನೀರು ತುಂಬಿ ಸೋರುತ್ತದೆಯೇ ಎಂದು ನೋಡುತ್ತಾರೆ. ಗಾಳಿ ತುಂಬಿ ಒಡೆಯುವ ಪರೀಕ್ಷೆಯಲ್ಲಿ ಸಾಮಾನ್ಯ ಅಳತೆಯ ಕಾಂಡೋಮ್ 18 ಲೀಟರ್ ಗಾಳಿಯನ್ನಾದರೂ ತಡೆದುಕೊಳ್ಳಬೇಕು. ನಮ್ಮ ಊರುಗಳ ಶುದ್ಧ ಕುಡಿಯುವ ನೀರಿನ ಘಟಕದಿಂದ ಬೈಕಿನ ಮೇಲೆ ತರುವ 20 ಲೀಟರಿನ ಕ್ಯಾನನ್ನು ಕಣ್ಣ ಮುಂದೆ ತಂದುಕೊಂಡರೆ ಆ ತೆಳು ರಬ್ಬರಿನ ಶಕ್ತಿ ಎಷ್ಟೆಂಬುದು ತಿಳಿಯುತ್ತದೆ. ಅಷ್ಟು ಗಟ್ಟಿಯಾದದ್ದು ಮನೆಗೆ ಬಂದ ಮೇಲೆ ಸೋಲುವುದಾದರೆ, ಅದನ್ನು ಇಟ್ಟ ರೀತಿ, ತೆರೆದ ರೀತಿ, ಹಾಕಿಕೊಂಡ ರೀತಿ ಇಲ್ಲವೇ ಹೊರತೆಗೆದ ರೀತಿಯಲ್ಲಿ ಎಲ್ಲೋ ಎಡವಿದ್ದೇವೆ ಎಂದೇ ಅರ್ಥ.

ಯಾರಿಗೆ ಇದು ಹೊಂದುತ್ತದೆ

ಹೊಸದಾಗಿ ಮದುವೆಯಾಗಿ ಮಗುವನ್ನು ಕೆಲವು ಕಾಲ ಮುಂದೂಡುವವರಿಗೆ, ಎರಡು ಮಕ್ಕಳ ನಡುವೆ ಅಂತರ ಬಯಸುವವರಿಗೆ, ಮಾತ್ರೆ ಅಥವಾ ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿಯಂಥ ಸಾಧನ) ಒಗ್ಗದವರಿಗೆ ಕಾಂಡೋಮ್ ಒಳ್ಳೆಯ ವಿಧಾನ. ಇದರಲ್ಲಿ ಹಾರ್ಮೋನ್ ಇಲ್ಲದ ಕಾರಣ ಎದೆಹಾಲಿನ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ. ಬಳಸುವುದನ್ನು ನಿಲ್ಲಿಸಿದ ತಿಂಗಳೇ ಗರ್ಭ ಧರಿಸಬಹುದು. ಎಚ್‌ಐವಿಯೂ ಸೇರಿದಂತೆ ಲೈಂಗಿಕ ಸಂಪರ್ಕದಿಂದ ಹರಡುವ ಹಲವು ರೋಗಗಳಿಂದ ರಕ್ಷಣೆ ಕೊಡುವುದು ಗರ್ಭನಿರೋಧಕಗಳ ಪೈಕಿ ಕಾಂಡೋಮ್ ಮಾತ್ರ. ಮಾತ್ರೆಗಾಗಲಿ ವಂಕಿಗಾಗಲಿ ಆಪರೇಷನ್ನಿಗಾಗಲಿ ಆ ಶಕ್ತಿಯಿಲ್ಲ.

ಬಾಣಂತನದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಾಲು ಕುಡಿಸುವವರೆಗೂ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ತಾಯಿಯ ಹಾಲನ್ನು ಬಿಟ್ಟು ಬೇರೇನನ್ನೂ ಕೊಡುತ್ತಿರಬಾರದು, ತಾಯಿಗೆ ಮುಟ್ಟು ಮರಳಿರಬಾರದು, ಈ ಮೂರೂ ಸೇರಿದ್ದರೆ ಮಾತ್ರ ಆ ನಂಬಿಕೆಗೆ ಆಧಾರವಿದೆ. ಮೂರರಲ್ಲಿ ಒಂದು ತಪ್ಪಿದ ದಿನದಿಂದಲೇ ಬೇರೆ ರಕ್ಷಣೆ ಬೇಕು. ಒಂದು ಹೆರಿಗೆಯ ನಂತರ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳು ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನಮ್ಮ ರಾಜ್ಯದಲ್ಲಿ ಸಂತಾನ ನಿಯಂತ್ರಣದ ಹೊರೆ ಬಹುತೇಕ ಹೆಂಗಸರ ಮೈಮೇಲೆಯೇ ಬಿದ್ದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಇಲ್ಲವೆಂಬಷ್ಟು ಕಡಿಮೆ. ಈ ವಿಷಯದಲ್ಲಿ ನಾವು ಹಿಂದುಳಿಯಬೇಕಾದ ನಾಡಿನವರೇನೂ ಅಲ್ಲ. ತುಮಕೂರೂ ಕೋಲಾರವೂ ಸೇರಿದ್ದ ಹಳೆಯ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿ ಅದೇ ಮೊದಲು ಎನ್ನುತ್ತಾರೆ.

ತರುವುದು, ನೋಡುವುದು

ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳ ಜಿಲ್ಲಾ ಆಸ್ಪತ್ರೆ, ಎಲ್ಲೆಡೆಯೂ ಕಾಂಡೋಮ್ ಉಚಿತವಾಗಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುವ ಯೋಜನೆ 2011ರಲ್ಲಿ ಆರಂಭವಾಯಿತು. ಮೂರು ಕಾಂಡೋಮ್‌ಗಳ ಪೊಟ್ಟಣಕ್ಕೆ ಅವರು ಪಡೆಯಬಹುದಾದ ಹಣ ಒಂದು ರೂಪಾಯಿ. 1968ರಲ್ಲಿ ದೇಶದಾದ್ಯಂತ ಮಾರಾಟಕ್ಕೆ ಬಂದ 'ನಿರೋಧ್' ಎಂಬ ಹೆಸರು ನಮ್ಮ ಹಿರಿಯರ ಬಾಯಲ್ಲಿ ಕಾಂಡೋಮ್‌ಗೇ ಹೆಸರಾಗಿ ಉಳಿದಿದೆ. ಅದನ್ನು ತಯಾರಿಸುವ ಸರ್ಕಾರಿ ಕಂಪನಿಯ ಒಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ. ಪುಕ್ಕಟೆ ಸಿಗುವುದು ಕಳಪೆ ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ಅದರಲ್ಲಿ ಬಣ್ಣ, ಪರಿಮಳ ಇಲ್ಲದಿರಬಹುದು. ಗರ್ಭ ತಡೆಯುವ ಕೆಲಸದಲ್ಲಿ ಅದು ದುಡ್ಡು ಕೊಟ್ಟು ಕೊಳ್ಳುವ ಕಾಂಡೋಮ್‌ಗೆ ಕಡಿಮೆಯಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಕೇಳಲು ನಾಚಿಕೆಯಾಗುವುದು ಸಹಜ. ತಲೆನೋವಿನ ಮಾತ್ರೆ ಕೇಳಿದಂತೆ ಹೆಸರು ಹೇಳಿ ಕೇಳಿದರೆ ಅಂಗಡಿಯವರೂ ಹಾಗೆಯೇ ಕೊಡುತ್ತಾರೆ. ಪರಿಚಯದವರು ನಿಂತಿದ್ದಾರೆಂದು ಪೊಟ್ಟಣವನ್ನು ನೋಡದೆ ಜೇಬಿಗಿಳಿಸಿಕೊಂಡು ಬರುವುದು ಮಾತ್ರ ಬೇಡ, ಏಕೆಂದರೆ ನೋಡಬೇಕಾದದ್ದು ಇರುವುದು ಅಲ್ಲೇ. ಮೊದಲು ಅವಧಿ ಮುಗಿಯುವ ತಿಂಗಳು ಮತ್ತು ವರ್ಷವನ್ನು ಓದಿ. ಅವಧಿ ಮುಗಿದಿದ್ದರೆ ರಬ್ಬರ್ ನೋಡಲು ಚೆನ್ನಾಗಿದ್ದರೂ ಬಳಸಬಾರದು. ಆಮೇಲೆ ಅಳತೆ. ಮಟ್ಟಸವಾಗಿ ಹರಡಿದಾಗಿನ ಅಗಲ ಸುಮಾರು 52–53 ಮಿಲಿಮೀಟರ್ ಇರುವುದು ಸಾಮಾನ್ಯ ಅಳತೆ, ಹೆಚ್ಚಿನವರಿಗೆ ಇದೇ ಸಾಕು. ಬಿಗಿಯಾಗಿ ನೋವಾಗುತ್ತಿದ್ದರೆ ಇದಕ್ಕಿಂತ ಅಗಲವಾದದ್ದನ್ನೂ, ಸಡಿಲವಾಗಿ ಜಾರುತ್ತಿದ್ದರೆ ಕಿರಿದಾದದ್ದನ್ನೂ ಕೇಳಿ ಪಡೆಯಬಹುದು. ಬಿಗಿಯಾದದ್ದು ಹರಿಯುವ, ಸಡಿಲವಾದದ್ದು ಒಳಗೇ ಉಳಿಯುವ ಅಪಾಯವಿರುವುದರಿಂದ ಅಳತೆಯನ್ನು ಕಡೆಗಣಿಸಬಾರದು. ಸುವಾಸನೆ, ಚುಕ್ಕೆ, ಗೆರೆ ಇವೆಲ್ಲ ಅವರವರ ಇಷ್ಟ.

ಇಡುವ ಜಾಗ

ರಬ್ಬರಿಗೆ ಬಿಸಿಲು, ಶಾಖ, ಉಜ್ಜಾಟ ಮೂರೂ ಆಗುವುದಿಲ್ಲ. ಪಾವಗಡ, ಶಿರಾ, ಗೌರಿಬಿದನೂರಿನ ಕಡೆಯ ಏಪ್ರಿಲ್ ತಿಂಗಳ ಬಿಸಿಲನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೈಕಿನ ಟ್ಯಾಂಕ್ ಕವರಿನೊಳಗೆ, ಲಾರಿ ಅಥವಾ ಆಟೋದ ಡ್ಯಾಶ್‌ಬೋರ್ಡಿನಲ್ಲಿ, ಸಿಮೆಂಟ್ ಶೀಟಿನ ಸೂರಿಗೆ ತಾಗುವ ಅಟ್ಟದಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ ಇಡಬಾರದು. ಪ್ಯಾಂಟಿನ ಹಿಂದಿನ ಜೇಬಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ಉಳಿದ ಕಾಂಡೋಮ್ ದೇಹದ ಶಾಖಕ್ಕೂ ಕೂತೆದ್ದ ಒತ್ತಡಕ್ಕೂ ಸಿಕ್ಕಿ ದುರ್ಬಲವಾಗಿರುತ್ತದೆ. ಹೊರಗೆ ಒಯ್ಯಬೇಕಾದರೆ ಗಟ್ಟಿಯಾದ ಚಿಕ್ಕ ಡಬ್ಬಿಯಲ್ಲಿಟ್ಟು ಆ ದಿನಕ್ಕೆ ಮಾತ್ರ ಒಯ್ಯಿರಿ. ಮನೆಯಲ್ಲಿ ಬೀರುವಿನ ಬಟ್ಟೆಗಳ ನಡುವೆ, ಬಿಸಿಲು ಬೀಳದ ಗೋಡೆಯ ಪಕ್ಕದಲ್ಲಿ ಇಟ್ಟರೆ ಸಾಕು. ಮಕ್ಕಳ ಕೈಗೆ ಸಿಗದಂತೆ, ಆದರೆ ಕತ್ತಲಲ್ಲೂ ನಿಮ್ಮ ಕೈಗೆ ಸಿಗುವಂತೆ ಇರಬೇಕು. ಎದ್ದುಹೋಗಿ ದೀಪ ಹಾಕಿ ಹುಡುಕಬೇಕಾದ ಜಾಗದಲ್ಲಿಟ್ಟರೆ, "ಇವತ್ತೊಂದು ದಿನ ಇರಲಿ ಬಿಡು" ಎನ್ನುವ ದಿನ ಬಂದೇ ಬರುತ್ತದೆ.

ತೆರೆಯುವುದು, ಹಾಕಿಕೊಳ್ಳುವುದು

ಮೊದಲ ಬಾರಿ ಬಳಸುವ ಗಂಡಸರು ಒಂದೆರಡು ಕಾಂಡೋಮ್‌ಗಳನ್ನು ಏಕಾಂತದಲ್ಲಿ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಮದುವೆಯಾದ ಹೊಸತರಲ್ಲಿ ಕೈ ನಡುಗುತ್ತಿರುವಾಗ ಕಲಿಯಲು ಹೊರಟರೆ ಕಲಿಕೆ ಸರಿಯಾಗಿ ಆಗುವುದಿಲ್ಲ.

ಪೊಟ್ಟಣವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ ನೋಡಿ. ಒಳಗೆ ಸ್ವಲ್ಪ ಗಾಳಿ ತುಂಬಿ ಮೆತ್ತೆಯಂತೆ ಪುಟಿದರೆ ಪೊಟ್ಟಣ ಎಲ್ಲೂ ತೂತಾಗಿಲ್ಲ. ಕಾಂಡೋಮನ್ನು ಬೆರಳಿನಿಂದ ಒಂದು ಬದಿಗೆ ಸರಿಸಿ, ಖಾಲಿಯಾದ ಇನ್ನೊಂದು ಬದಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿರುವ ಅಂಚಿನಿಂದ ಸೀಳಿ. ಹಲ್ಲಿನಿಂದ ಕಚ್ಚಿ ಹರಿಯುವುದು, ಕತ್ತರಿ ಹಾಕುವುದು ಎರಡೂ ಬೇಡ. ಉಗುರು ಉದ್ದವಿದ್ದರೆ, ಬೆರಳಿನ ಉಂಗುರಕ್ಕೆ ಚೂಪು ಅಂಚಿದ್ದರೆ ಎಚ್ಚರ ಬೇಕು. ಹೊರಬಂದ ಕಾಂಡೋಮ್ ಒಣಗಿದ್ದರೆ, ಅಂಟಂಟಾಗಿದ್ದರೆ, ಬಣ್ಣ ಬದಲಾಗಿದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.

ಹಾಕಿಕೊಳ್ಳುವ ಸಮಯದ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆಯಿದೆ. ವೀರ್ಯ ಬರುವ ಹೊತ್ತಿಗೆ ಹಾಕಿಕೊಂಡರೆ ಆಯಿತು ಎಂದು ಎಷ್ಟೋ ಜನ ಅಂದುಕೊಂಡಿರುತ್ತಾರೆ. ಸ್ಖಲನಕ್ಕೆ ಮೊದಲೇ ಶಿಶ್ನದಿಂದ ಬರುವ ತಿಳಿಯಾದ ದ್ರವದಲ್ಲೂ ವೀರ್ಯಾಣುಗಳಿರುವ ಸಾಧ್ಯತೆಯಿದೆ, ರೋಗ ಹರಡುವ ಶಕ್ತಿಯೂ ಅದಕ್ಕಿದೆ. ಆದ್ದರಿಂದ ಶಿಶ್ನ ಪೂರ್ತಿ ನಿಮಿರಿದ ಮೇಲೆ, ಅದು ಯೋನಿಯನ್ನು ಒಂದು ಸಲವೂ ಮುಟ್ಟುವ ಮೊದಲೇ ಕಾಂಡೋಮ್ ಹಾಕಿಕೊಳ್ಳಬೇಕು.

ಸುತ್ತಿಕೊಂಡಿರುವ ಕಾಂಡೋಮನ್ನು ಕೈಯಲ್ಲಿ ಹಿಡಿದು ಅದರ ದಿಕ್ಕನ್ನು ಗುರುತಿಸಿ. ದಪ್ಪನೆಯ ಸುರುಳಿ ಹೊರಮೈಯಲ್ಲಿದ್ದು, ತುದಿಯ ಚಿಕ್ಕ ಮೊನೆ ಮೇಲಕ್ಕೆ ಚಾಚಿಕೊಂಡಿರಬೇಕು. ಕುಲಾವಿಯನ್ನು ಮಡಚಿ ತಲೆಗಿಟ್ಟು ಕೆಳಗೆ ಎಳೆಯುವಾಗ ಇರುವ ಹಾಗೆ. ಸುನ್ನತಿ ಆಗದವರು ಮುಂದೊಗಲನ್ನು ಹಿಂದಕ್ಕೆ ಸರಿಸಿಕೊಳ್ಳಿ. ಒಂದು ಕೈಯಿಂದ ಕಾಂಡೋಮಿನ ಮೊನೆಯನ್ನು ಚಿವುಟಿ ಹಿಡಿದು ಅಲ್ಲಿನ ಗಾಳಿಯನ್ನು ಹೊರಹಾಕಿ, ಹಾಗೆ ಹಿಡಿದುಕೊಂಡೇ ಶಿಶ್ನದ ತುದಿಯ ಮೇಲಿಟ್ಟು, ಇನ್ನೊಂದು ಕೈಯಿಂದ ಸುರುಳಿಯನ್ನು ಬುಡದವರೆಗೂ ಬಿಡಿಸುತ್ತಾ ಬನ್ನಿ. ಆ ಮೊನೆ ವೀರ್ಯ ಸೇರಲೆಂದೇ ಇರುವ ಜಾಗ. ಅಲ್ಲಿ ಗಾಳಿ ತುಂಬಿಕೊಂಡಿದ್ದರೆ ವೀರ್ಯ ಒತ್ತರಿಸಿ ಬಂದಾಗ ಕಾಂಡೋಮ್ ಒಡೆಯಬಹುದು. ಅರ್ಧಕ್ಕೆ ನಿಲ್ಲಿಸುವುದೂ ಅಪಾಯವೇ, ಏಕೆಂದರೆ ಬುಡದವರೆಗೆ ಬಾರದ ಕಾಂಡೋಮ್ ಜಾರಿಬಿಡುತ್ತದೆ.

ಸುರುಳಿ ಬಿಚ್ಚಿಕೊಳ್ಳದಿದ್ದರೆ ತಲೆಕೆಳಗಾಗಿ ಇಟ್ಟಿದ್ದೀರಿ ಎಂದರ್ಥ. ಆಗ ಅದನ್ನೇ ತಿರುಗಿಸಿ ಹಾಕಿಕೊಳ್ಳಬೇಡಿ. ಶಿಶ್ನದ ತುದಿಯ ದ್ರವ ಈಗಾಗಲೇ ಅದರ ಮೇಲ್ಮೈಗೆ ತಗುಲಿದೆ. ತಿರುಗಿಸಿದರೆ ಅದೇ ಮೈ ಯೋನಿಯೊಳಗೆ ಹೋಗುತ್ತದೆ. ಒಂದನ್ನು ಉಳಿಸಲು ಹೋಗಿ ಗರ್ಭ ನಿಲ್ಲಿಸಿಕೊಳ್ಳುವುದಕ್ಕಿಂತ ಬಿಸಾಡಿ ಹೊಸದನ್ನು ತೆರೆಯುವುದೇ ಸರಿ. ಹೆಚ್ಚು ಭದ್ರವಾಗಿರಲೆಂದು ಒಂದರ ಮೇಲೊಂದು ಎರಡು ಹಾಕಿಕೊಳ್ಳುವವರಿದ್ದಾರೆ. ರಬ್ಬರಿಗೆ ರಬ್ಬರ್ ಉಜ್ಜಿ ಎರಡೂ ಹರಿಯಬಹುದಾದ್ದರಿಂದ ಅದನ್ನೂ ಮಾಡಬಾರದು.

ಎಣ್ಣೆಯ ವಿಷಯ

ನಮ್ಮ ಕಡೆಯವರಿಗೆ ಈ ಒಂದು ವಿಷಯವನ್ನು ಎಷ್ಟು ಹೇಳಿದರೂ ಕಡಿಮೆ. ತಿಪಟೂರು, ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ತೆಂಗಿನ ತೋಟವಿಲ್ಲದ ಮನೆಯಲ್ಲೂ ಕೊಬ್ಬರಿ ಎಣ್ಣೆಯ ಬಾಟಲಿ ಇದ್ದೇ ಇರುತ್ತದೆ. ತಲೆಗೆ, ಮೈಗೆ, ಒಡೆದ ಹಿಮ್ಮಡಿಗೆ, ಕೂಸಿನ ನೆತ್ತಿಗೆ, ಸುಟ್ಟ ಗಾಯಕ್ಕೆ, ಎಲ್ಲಕ್ಕೂ ಅದೇ ಮದ್ದು. ಹುಟ್ಟಿದಾಗಿನಿಂದ ಮೈಗೆ ಒಳ್ಳೆಯದನ್ನೇ ಮಾಡಿದ ಎಣ್ಣೆ ಇಲ್ಲಿ ಕೆಡಕು ಮಾಡುತ್ತದೆಂದು ಯಾರಿಗೂ ಹೊಳೆಯುವುದಿಲ್ಲ. ಕಾಂಡೋಮ್ ತಯಾರಾಗುವುದು ರಬ್ಬರ್ ಮರದ ಹಾಲಿನಿಂದ. ಎಣ್ಣೆ ಆ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ಖನಿಜ ಎಣ್ಣೆ (ಬೇಬಿ ಆಯಿಲ್‌ನಲ್ಲಿರುವಂಥದ್ದು) ತಗುಲಿದ 60 ಸೆಕೆಂಡುಗಳಲ್ಲೇ ಕಾಂಡೋಮ್ ತನ್ನ ಶಕ್ತಿಯ ಸುಮಾರು ನೂರಕ್ಕೆ 90 ಭಾಗವನ್ನು ಕಳೆದುಕೊಳ್ಳುವುದನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ.

ಆ ದಂಪತಿ ಬಂದುಹೋದ ನಂತರದ ವಾರ, ಉಪಕೇಂದ್ರದ ಜಗಲಿಯಲ್ಲಿ ಆಶಾ ಕಾರ್ಯಕರ್ತೆಯರ ಎದುರಿಗೆ ನಾನು ಎರಡು ಕಾಂಡೋಮ್‌ಗಳನ್ನು ಊದಿ, ಬಾಯಿ ಕಟ್ಟಿ, ಕಿಟಕಿಯ ಸರಳಿಗೆ ತೂಗುಹಾಕಿದೆ. ಒಂದಕ್ಕೆ ನೀರು ಸವರಿದೆ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ. ಎಣ್ಣೆ ಸವರಿದ ಜಾಗ ಮೊದಲು ಮಂಜು ಹಿಡಿದಂತೆ ಮಬ್ಬಾಯಿತು, ಆಮೇಲೆ ಅಲ್ಲಷ್ಟೇ ಚಿಕ್ಕ ಗುಳ್ಳೆಯಂತೆ ಉಬ್ಬಿತು. ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಆಗುವಷ್ಟರಲ್ಲಿ ಅದು ಒಡೆದ ಸದ್ದಿಗೆ ಎಲ್ಲರೂ ಬೆಚ್ಚಿದರು. ನೀರು ಸವರಿದ್ದು ಸಂಜೆ ಬೀಗ ಹಾಕುವಾಗಲೂ ಹಾಗೆಯೇ ತೂಗುತ್ತಿತ್ತು. ಅಂದಿನಿಂದ ಆ ಹೆಣ್ಣುಮಕ್ಕಳು ಮನೆಮನೆಗೆ ಹೋದಾಗ ಮೊದಲು ಹೇಳುವ ಮಾತೇ ಎಣ್ಣೆಯದಾಯಿತು.

ಕೊಬ್ಬರಿ ಎಣ್ಣೆಯಷ್ಟೇ ಅಲ್ಲ, ಕಡಲೆಕಾಯಿ ಎಣ್ಣೆ, ಹರಳೆಣ್ಣೆ, ತುಪ್ಪ, ಬೆಣ್ಣೆ, ವ್ಯಾಸಲೀನ್, ಮಕ್ಕಳಿಗೆ ಹಚ್ಚುವ ಬೇಬಿ ಆಯಿಲ್, ಮೈಗೆ ಹಚ್ಚುವ ಕ್ರೀಮು, ಯಾವುದೂ ಆಗದು. ಯೋನಿಯ ಸೋಂಕಿಗೆಂದು ವೈದ್ಯರು ಬರೆದುಕೊಡುವ ಕೆಲವು ಮುಲಾಮು ಮತ್ತು ಒಳಗಿಡುವ ಮಾತ್ರೆಗಳಲ್ಲೂ ಎಣ್ಣೆಯ ಅಂಶವಿರುತ್ತದೆ. ಅವನ್ನು ಬಳಸುತ್ತಿರುವಾಗ ಕಾಂಡೋಮ್ ನೆಚ್ಚಿಕೊಳ್ಳಬಹುದೇ ಎಂದು ವೈದ್ಯರನ್ನೇ ಕೇಳಿ. ಬೇಕೆಂದು ಹಚ್ಚದಿದ್ದರೂ ಕೈಯಲ್ಲಿ ಉಳಿದ ಎಣ್ಣೆ ಸಾಕು. ಮಗುವಿಗೆ ಎಣ್ಣೆ ತಿಕ್ಕಿದ, ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಂಡ ಮೇಲೆಯೇ ಕಾಂಡೋಮ್ ಮುಟ್ಟಬೇಕು.

ಒಣಗಿದಂತಾಗಿ ನೋವಾಗುತ್ತಿದ್ದರೆ ಅದಕ್ಕೂ ಪರಿಹಾರವಿದೆ. ಮೆಡಿಕಲ್ ಸ್ಟೋರಿನಲ್ಲಿ ನೀರಿನ ಅಂಶದ ಲೂಬ್ರಿಕೆಂಟ್ ಜೆಲ್ ಸಿಗುತ್ತದೆ. ಸಿಲಿಕೋನ್ ಅಂಶದ್ದೂ ಆಗುತ್ತದೆ. ಹಾಕಿಕೊಂಡ ಮೇಲೆ ಕಾಂಡೋಮಿನ ಹೊರಮೈಗೆ ಅದನ್ನು ಸವರಿ, ಒಳಗೆ ತುಂಬಬೇಡಿ, ತುಂಬಿದರೆ ಜಾರುತ್ತದೆ. ಹಾಲುಣಿಸುವ ತಾಯಂದಿರಿಗೆ, ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಾದವರಿಗೆ ಈ ಜೆಲ್ ತೀರ ಅವಶ್ಯ. ಅದನ್ನು ಕೇಳಿ ತರುವುದು ಗಂಡನ ಕೆಲಸವೆಂದೇ ನಾನು ಹೇಳುತ್ತೇನೆ. ಉರಿಯನ್ನು ಹಲ್ಲು ಕಚ್ಚಿ ತಡೆದುಕೊಳ್ಳುವುದು ಹೆಂಡತಿಯ ಕರ್ತವ್ಯವಲ್ಲ.

ಹೊರತೆಗೆಯುವುದು, ಬಿಸಾಡುವುದು

ಸ್ಖಲನವಾದ ಕೂಡಲೇ, ಶಿಶ್ನದ ಗಡಸುತನ ಇಳಿಯುವ ಮೊದಲೇ, ಕಾಂಡೋಮಿನ ಬುಡದ ಸುರುಳಿಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ಹೊರತೆಗೆಯಬೇಕು. ಹಾಗೆಯೇ ಮಲಗಿಬಿಟ್ಟರೆ ಶಿಶ್ನ ಸಣ್ಣದಾಗಿ ಕಾಂಡೋಮ್ ಒಳಗೇ ಉಳಿಯುತ್ತದೆ, ಇಲ್ಲವೇ ವೀರ್ಯ ಬುಡದಿಂದ ಸೋರುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿ ಈ ಒಂದು ಹೆಜ್ಜೆಯಲ್ಲಿ ತಪ್ಪಿದವರನ್ನು ನಾನು ಬಹಳ ನೋಡಿದ್ದೇನೆ. ತುಸು ದೂರ ಸರಿದು, ಒಂದು ಹನಿಯೂ ಚೆಲ್ಲದಂತೆ ಕಳಚಿ, ಬೆಳಕಿಗೆ ಹಿಡಿದು ಎಲ್ಲಾದರೂ ಹರಿದಿದೆಯೇ ಎಂದು ನೋಡಿ, ಬಾಯಿಗೆ ಗಂಟು ಹಾಕಿ. ಮತ್ತೆ ಕೂಡುವುದಾದರೆ ಶಿಶ್ನವನ್ನೂ ಕೈಯನ್ನೂ ತೊಳೆದುಕೊಂಡು ಹೊಸ ಕಾಂಡೋಮ್ ಹಾಕಿಕೊಳ್ಳಬೇಕು. ತೊಳೆದು ಮರುಬಳಸುವ ಮಾತೇ ಇಲ್ಲ.

ಗಂಟು ಹಾಕಿದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ. ಪಾಯಿಖಾನೆಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ. ಹಿತ್ತಲಿಗೆ ಎಸೆದರೆ ನಾಯಿ ಎಳೆದಾಡಿ ತರುತ್ತದೆ, ಮಕ್ಕಳು ಬಲೂನೆಂದು ಊದುತ್ತಾರೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಾಂಡೋಮನ್ನು ಸ್ಯಾನಿಟರಿ ಪ್ಯಾಡ್, ಡೈಪರ್‌ಗಳ ಸಾಲಿಗೇ ಸೇರಿಸಿವೆ. ಕಸದ ಆಟೋ ಬರುವ ಊರಿನಲ್ಲಿ ಪ್ಯಾಡ್ ಹಾಕುವ ಕಡೆಯಲ್ಲೇ, ಸುತ್ತಿಟ್ಟು ಗುರುತು ಮಾಡಿ ಹಾಕಿದರೆ ಅದನ್ನು ಬೇರ್ಪಡಿಸುವ ಪೌರಕಾರ್ಮಿಕರ ಬರಿಗೈಗೆ ತಾಗುವುದಿಲ್ಲ.

ಹರಿದರೆ, ಜಾರಿದರೆ

ಗಾಬರಿಯಾಗಿ ತೊಳೆದುಕೊಂಡರೆ ಪ್ರಯೋಜನವಿಲ್ಲ; ಯೋನಿಯೊಳಗೆ ನೀರು ಹಾಯಿಸಿ ತೊಳೆಯುವುದರಿಂದ ಗರ್ಭ ತಪ್ಪುವುದಿಲ್ಲ. ಒಳಗೆ ಉಳಿದ ಕಾಂಡೋಮನ್ನು ಬೆರಳಿನಿಂದ ಮೆಲ್ಲಗೆ ಎಳೆದು ತೆಗೆಯಬಹುದು, ಆಗದಿದ್ದರೆ ಆಸ್ಪತ್ರೆಗೆ ಹೋಗಿ ತೆಗೆಸಿಕೊಳ್ಳಿ. ನಂತರ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದೆಂಬಂತೆ, 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ತುರ್ತು ಗರ್ಭನಿರೋಧಕ ಮಾತ್ರೆಯನ್ನು ಹೆಂಡತಿ ನುಂಗಬೇಕು. ಇದು ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲೂ, ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತದೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕು. ಈಗಾಗಲೇ ನಿಂತ ಗರ್ಭವನ್ನು ಇದು ತೆಗೆಯುವುದಿಲ್ಲ, ಪ್ರತಿ ಸಲದ ವಿಧಾನವಾಗಿ ಇದನ್ನು ಬಳಸಲೂಬಾರದು. ಐದು ದಿನಗಳೊಳಗೆ ಆಸ್ಪತ್ರೆಯಲ್ಲಿ ಕಾಪರ್-ಟಿ ವಂಕಿ ಹಾಕಿಸಿಕೊಂಡರೆ ಅದು ಮಾತ್ರೆಗಿಂತಲೂ ಹೆಚ್ಚು ಪರಿಣಾಮಕಾರಿ, ಮುಂದಿನ ವರ್ಷಗಳಿಗೂ ರಕ್ಷಣೆಯಾಗುತ್ತದೆ. ಇಷ್ಟಾದ ಮೇಲೂ ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿಸಿ. ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು ಬೇಡವೆಂದರೆ 20 ವಾರಗಳವರೆಗೆ ನೋಂದಾಯಿತ ವೈದ್ಯರಿಂದ ತೆಗೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ; 2021ರ ತಿದ್ದುಪಡಿಯ ನಂತರ ಮದುವೆಯಾಗದ ಹೆಣ್ಣಿಗೂ ಈ ಹಕ್ಕಿದೆ. ತಾವಾಗಿಯೇ ಮಾತ್ರೆ ತಂದು ನುಂಗಿ ರಕ್ತಸ್ರಾವವಾಗಿ ಬಂದವರನ್ನು ಕಂಡವನಾಗಿ, ಈ ಕೆಲಸ ಆಸ್ಪತ್ರೆಯಲ್ಲೇ ಆಗಬೇಕೆಂದು ಬೇಡಿಕೊಳ್ಳುತ್ತೇನೆ.

ಸಂಗಾತಿಗೆ ಎಚ್‌ಐವಿ ಇದೆಯೆಂದು ತಿಳಿದಿದ್ದರೆ ಅಥವಾ ಸಂಶಯವಿದ್ದರೆ, ಹರಿದ ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ 72 ಗಂಟೆಯೊಳಗೆ, ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. 28 ದಿನ ತೆಗೆದುಕೊಳ್ಳುವ ಔಷಧಿಯಿಂದ ಸೋಂಕನ್ನು ತಡೆಯಲು ಸಾಧ್ಯವಿದೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಹೆಸರು ಹೇಳದೆಯೇ ಮಾಹಿತಿ ಪಡೆಯಬಹುದು.

ಒಗ್ಗದವರಿಗೆ, ಒಪ್ಪದವರಿಗೆ

ಕೆಲವರಿಗೆ ರಬ್ಬರ್ ಅಲರ್ಜಿಯಾಗಿ ತುರಿಕೆ, ಊತ, ಕೆಂಪು ಗಂದೆ ಏಳುತ್ತದೆ. ಅವರಿಗೆ ಪಾಲಿಯುರೆಥೇನ್ ಅಥವಾ ಪಾಲಿಐಸೊಪ್ರೀನ್‌ನಿಂದ ಮಾಡಿದ ಕಾಂಡೋಮ್‌ಗಳಿವೆ. ಹೆಂಗಸರು ಒಳಗೆ ಧರಿಸುವ ಕಾಂಡೋಮ್ ಕೂಡ ಇದೆ. ಅದನ್ನು ಸಂಭೋಗಕ್ಕೆ ಎಂಟು ಗಂಟೆ ಮೊದಲೇ ಇಟ್ಟುಕೊಳ್ಳಬಹುದು; ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 21 ಮಂದಿಗೆ ಗರ್ಭ ನಿಲ್ಲುವುದರಿಂದ ಗಂಡಸರ ಕಾಂಡೋಮ್‌ನಷ್ಟು ಖಾತ್ರಿಯದಲ್ಲ. ಗಂಡ ಹೆಂಡಿರು ಇಬ್ಬರೂ ಒಟ್ಟಿಗೆ ಕಾಂಡೋಮ್ ಧರಿಸಬಾರದು.

ಸುಖ ಕಡಿಮೆಯಾಗುತ್ತದೆ ಎನ್ನುವ ಗಂಡಸರಿಗೆ ನಾನು ವಾದ ಮಾಡುವುದಿಲ್ಲ, ತೆಳುವಾದ ಬೇರೆ ಬಗೆಯದನ್ನೋ ಸರಿಯಾದ ಅಳತೆಯದನ್ನೋ ಪ್ರಯತ್ನಿಸಿ ನೋಡಿ ಎನ್ನುತ್ತೇನೆ. ಮುಕ್ಕಾಲು ಪಾಲು ದೂರು ಅಳತೆಯಿಂದಲೂ ಒಣಗಿರುವುದರಿಂದಲೂ ಬಂದಿರುತ್ತದೆ. ಹೆಣ್ಣುಮಕ್ಕಳು ಈ ಮಾತು ತೆಗೆಯುವುದು ಕಷ್ಟವಾದರೆ, ತಾಯಿ ಕಾರ್ಡ್ ಹಿಡಿದು ಚುಚ್ಚುಮದ್ದಿಗೆ ಬರುವ ದಿನ ಗಂಡನನ್ನೂ ಕರೆತನ್ನಿ. ಇಬ್ಬರನ್ನೂ ಕೂರಿಸಿ ಹೇಳುವುದು ಆರೋಗ್ಯ ಸಿಬ್ಬಂದಿಯ ಕೆಲಸ.

ಬೇರೆ ವಿಧಾನಕ್ಕೆ ಬದಲಾಗುವಾಗ

ಕಾಂಡೋಮಿನಿಂದ ಮಾತ್ರೆಗೆ ಬದಲಾಗುವವರು, ಮುಟ್ಟಿನ ಮೊದಲ ಐದು ದಿನಗಳಲ್ಲಿ ಮಾತ್ರೆ ಶುರುಮಾಡಿರದಿದ್ದರೆ, ಏಳು ದಿನ ಕಾಂಡೋಮನ್ನೂ ಬಳಸಬೇಕು. ಕಾಪರ್-ಟಿ ಹಾಕಿಸಿದ ಕ್ಷಣದಿಂದಲೇ ಗರ್ಭ ತಡೆಯುತ್ತದೆ. ಗಂಡಸರ ಆಪರೇಷನ್ನಿನ ವಿಷಯ ಬೇರೆ. ನಾಳ ಕತ್ತರಿಸಿದ ಮೇಲೂ ಮುಂದಿನ ಭಾಗದಲ್ಲಿ ವೀರ್ಯಾಣುಗಳು ಉಳಿದಿರುವುದರಿಂದ ಮೂರು ತಿಂಗಳು ತಪ್ಪದೆ ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲೆಯೇ ಬಿಡಬೇಕು.

ಮೊದಲು ಹೇಳಿದ ಆ ದಂಪತಿ ಎರಡನೆಯ ಮಗುವನ್ನು ಉಳಿಸಿಕೊಂಡರು. ಹೆಂಡತಿಗೆ ಇನ್ನು ನೋವು ಬೇಡವೆಂದು ಗಂಡ ತಾವೇ ಆಪರೇಷನ್ ಮಾಡಿಸಿಕೊಳ್ಳಲು ಮುಂದೆ ಬಂದರು. ಆಪರೇಷನ್ ಆದ ಮೂರು ತಿಂಗಳೂ ಅವರು ಉಪಕೇಂದ್ರಕ್ಕೆ ಬಂದು ಪೊಟ್ಟಣ ಒಯ್ದರು, ಜೆಲ್ ಮಾತ್ರ ಪೇಟೆಯಿಂದ ತಂದುಕೊಂಡರು. ತುಮಕೂರಿಗೆ ಹೋಗಿ ಪರೀಕ್ಷೆ ಮಾಡಿಸಿದ ಚೀಟಿಯನ್ನು ತಂದು ತೋರಿಸಿದ ದಿನ, ವಿತರಣೆಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ನಾನು ಕೊನೆಯ ಗೆರೆ ಎಳೆದೆ.